ಕಸುವು ಕುಂದಿದ ನಡುವಯಸ್ಸು ಮತ್ತು ಪುರುಷ ಹಾರ್ಮೋನಿನ ಚಿಕಿತ್ಸೆ

ಕೃಷ್ಣಾತೀರದ ರೈತನಿಗೆ ಹೋರಿಗೂ ಎತ್ತಿಗೂ ಇರುವ ಭೇದವನ್ನು ಪ್ರಾಣಿಶಾಸ್ತ್ರಜ್ಞನು ಕಲಿಸಬೇಕಾದುದಿಲ್ಲ. ಎಳೆಯ ಹೋರಿಯ ಬೀಜ ಒಡೆಸಿದರೆ ಅದರ ಹಿಣಿಲು ಪೂರ್ತಿಯಾಗಿ ಬೆಳೆಯುವುದಿಲ್ಲ, ಕೊರಳು ಹೋರಿಯ ಕೊರಳಿನಷ್ಟು ದಪ್ಪವಾಗುವುದಿಲ್ಲ, ಕೆರಳಿ ಹಾಯುವ ಸ್ವಭಾವ ಅಡಗುವುದು. ನೊಗಕ್ಕೆ ತಲೆಗೊಡುವ ಸೌಮ್ಯತೆ ಬರುವುದು. ಖಿಲಾರಿ ಮತ್ತು ಕೃಷ್ಣಾಕಣಿವೆ ತಳಿಗಳನ್ನು ತಲೆಮಾರುಗಳಿಂದ ಸಾಕಿಕೊಂಡು ಬಂದ ಅಥಣಿ, ರಾಯಬಾಗ, ಚಿಕ್ಕೋಡಿಗಳ ಮನೆತನಗಳಿಗೆ ಇದು ದಿನದ ಮಾತು. ಶರೀರದ ಒಂದು ಮೂಲೆಯಲ್ಲಿರುವ ಎರಡು ಸಣ್ಣ ಅಂಗಗಳನ್ನು ಕೆಡಿಸಿದುದರಿಂದ ಕೊರಳು, ಬೆನ್ನು, ಕೂಗು, ಸ್ವಭಾವ ಇವೆಲ್ಲ ಬದಲಾಗುವುದೆಂದರೆ, ಆ ಅಂಗಗಳಿಂದ ಏನೋ ಒಂದು ಹೊರಟು ಇಡೀ ಮೈಯನ್ನು ಮುಟ್ಟುತ್ತಿರಬೇಕು. ಆ 'ಏನೋ ಒಂದು' ಯಾವುದೆಂದು ವಿಜ್ಞಾನವು ಖಚಿತವಾಗಿ ಹೇಳಲು ೧೯೩೫ನೆಯ ಇಸವಿ ಬರಬೇಕಾಯಿತು. ಅದಕ್ಕೆ ಇಟ್ಟ ಹೆಸರು ಟೆಸ್ಟೋಸ್ಟೆರಾನ್.

ಈ ಲೇಖನದಲ್ಲಿ ನಾವು ಆ ವಸ್ತುವಿನ ಕುರಿತು, ಅದಕ್ಕಿಂತ ಹೆಚ್ಚಾಗಿ ಅದನ್ನು ಹೊರಗಿನಿಂದ ಕೊಡುವ ಚಿಕಿತ್ಸೆಯ ಕುರಿತು, ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ತಿಳಿದಿರಬೇಕಾದಷ್ಟನ್ನು ಹೇಳಲು ಯತ್ನಿಸುವೆವು. ಇದಕ್ಕೆ ಕಾರಣವಿಲ್ಲದಿಲ್ಲ. ಬೆಳಗಾವಿ ಜಿಲ್ಲೆಯ ಈ ಗಡಿಸೀಮೆಯಲ್ಲಿ, ಎಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ, ನಲವತ್ತೈದು ದಾಟಿದ ಗಂಡಸು ವೈದ್ಯನ ಮುಂದೆ ಕುಳಿತು ಹೇಳುವ ಮೊದಲ ಮಾತು ಬಹುಶಃ 'ಮೈಯಾಗ ಕಸುವಿಲ್ಲ' ಎಂಬುದೇ. ನಿಪ್ಪಾಣಿಯಲ್ಲಿ ಅದನ್ನೇ ಮರಾಠಿಯಲ್ಲಿ 'ಅಶಕ್ತಪಣಾ' ಎಂದಾನು. ಕಸುವು ಎಂಬುದು ದೊಡ್ಡ ಮಾತು. ಭೂಮಿಗೂ ಕಸುವುಂಟು, ಮೈಗೂ ಕಸುವುಂಟು. ದುಡಿಮೆಯ ತ್ರಾಣ, ಮನಸ್ಸಿನ ಉತ್ಸಾಹ, ದಾಂಪತ್ಯದ ಸಾಮರ್ಥ್ಯ ಇವು ಮೂರನ್ನೂ ಆ ಒಂದೇ ಶಬ್ದವು ಹೊತ್ತುಕೊಂಡಿದೆ. ರೋಗಿಯು ಇವುಗಳಲ್ಲಿ ಯಾವುದನ್ನು ಕುರಿತು ಹೇಳುತ್ತಿರುವನೆಂದು ಕೇಳಿ ತಿಳಿಯುವ ವ್ಯವಧಾನ ಎಲ್ಲ ವೈದ್ಯರಿಗೂ ಇರುವುದಿಲ್ಲ. ಕೇಳಿದರೂ ಮೂರನೆಯದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಎಲ್ಲ ರೋಗಿಗಳಿಗೂ ಇರುವುದಿಲ್ಲ. ಈ ಅಸ್ಪಷ್ಟತೆಯ ನಡುವೆ ಒಂದು ಸೂಜಿ ಮಾಡಿಸಿಕೊಂಡರೆ ಎಲ್ಲವೂ ಸರಿಹೋದೀತೆಂಬ ನಂಬಿಕೆ ಬೆಳೆಯುತ್ತಿರುವುದನ್ನು ನಾವು ಕಾಣುತ್ತಿದ್ದೇವೆ.

ಮೊದಲು ಸ್ವಲ್ಪ ಇತಿಹಾಸ. ೧೮೪೯ರಲ್ಲಿ ಜರ್ಮನಿಯ ಗಟಿಂಗನ್ ವಿಶ್ವವಿದ್ಯಾಲಯದ ಅರ್ನಾಲ್ಡ್ ಬೆರ್ಥೋಲ್ಡ್ ಎಂಬ ಪಂಡಿತನು ಆರು ಹುಂಜದ ಮರಿಗಳ ಮೇಲೆ ಒಂದು ಪ್ರಯೋಗವನ್ನು ನಡೆಸಿದನು. ವೃಷಣಗಳನ್ನು ತೆಗೆದು ಹಾಗೆಯೇ ಬಿಟ್ಟ ಹುಂಜಗಳ ಜುಟ್ಟು ಬಾಡಿತು, ಅವು ಕೂಗುವುದನ್ನೂ ಕಾದುವುದನ್ನೂ ಬಿಟ್ಟವು. ವೃಷಣವನ್ನು ತನ್ನ ಜಾಗದಿಂದ ಕಿತ್ತು ಹೊಟ್ಟೆಯೊಳಗೆ ನೆಟ್ಟ ಹುಂಜಗಳಾದರೋ ಎಲ್ಲ ಹುಂಜಗಳಂತೆಯೇ ಬೆಳೆದು ಕೂಗಿದವು. ಕೊಯ್ದು ನೋಡಿದಾಗ, ನೆಟ್ಟ ವೃಷಣಕ್ಕೆ ಹೊಸ ರಕ್ತನಾಳಗಳು ಬಂದಿದ್ದುವೇ ಹೊರತು ಹಳೆಯ ನರಗಳ ಸಂಬಂಧವಿರಲಿಲ್ಲ. ಆದುದರಿಂದ ವೃಷಣದ ಪ್ರಭಾವವು ನರದ ಮೂಲಕವಲ್ಲ, ರಕ್ತದ ಮೂಲಕ ಹರಡುವುದೆಂದು ಬೆರ್ಥೋಲ್ಡನು ತೀರ್ಮಾನಿಸಿದನು. ನಿರ್ನಾಳಗ್ರಂಥಿಗಳ ಶಾಸ್ತ್ರಕ್ಕೆ ಇದೇ ಮೊದಲ ಪ್ರಯೋಗವೆಂದು ಹಲವರು ಗಣಿಸುವರು. ಆಶ್ಚರ್ಯವೆಂದರೆ, ಇಷ್ಟು ಸರಳವೂ ನಿರ್ಣಾಯಕವೂ ಆದ ಈ ಕೆಲಸವನ್ನು ಅಂದಿನವರು ಲಕ್ಷಿಸಲಿಲ್ಲ.

ಲಕ್ಷಿಸಿದ್ದು ಅದಕ್ಕಿಂತ ಬಹಳ ದುರ್ಬಲವಾದ ಇನ್ನೊಂದು ಪ್ರಯೋಗವನ್ನು. ೧೮೮೯ರಲ್ಲಿ ಪ್ಯಾರಿಸಿನ ಪ್ರಖ್ಯಾತ ಶರೀರಶಾಸ್ತ್ರಜ್ಞನಾದ ಬ್ರೌನ್-ಸೆಕಾರ್ಡ್, ತನ್ನ ೭೨ನೆಯ ವಯಸ್ಸಿನಲ್ಲಿ, ನಾಯಿ ಮತ್ತು ಗಿನಿಯಿಲಿಗಳ ವೃಷಣಗಳನ್ನು ಅರೆದು ತೆಗೆದ ನೀರಿನ ಸಾರವನ್ನು ತನಗೇ ಚುಚ್ಚಿಕೊಂಡು, ತನ್ನ ತೋಳ್ಬಲವೂ ಬುದ್ಧಿಶಕ್ತಿಯೂ ಮರಳಿದುವೆಂದು ವಿದ್ವತ್ಸಭೆಯಲ್ಲಿ ಸಾರಿದನು. ಟೆಸ್ಟೋಸ್ಟೆರಾನ್ ನೀರಿನಲ್ಲಿ ಹೆಚ್ಚಾಗಿ ಕರಗದ ವಸ್ತು. ಅಲ್ಲದೆ ವೃಷಣವು ಅದನ್ನು ತಯಾರಿಸಿದೊಡನೆ ರಕ್ತಕ್ಕೆ ಬಿಡುವುದಲ್ಲದೆ ಕೂಡಿಡುವುದಿಲ್ಲ. ಹೀಗಿರಲು ಆ ಸಾರದಲ್ಲಿ ಹಾರ್ಮೋನು ಇದ್ದುದು ಅತ್ಯಲ್ಪ. ಬ್ರೌನ್-ಸೆಕಾರ್ಡನಿಗೆ ಬಂದ ಕಸುವು ನಂಬಿಕೆಯ ಕಸುವು. ಆದರೂ ಯುರೋಪಿನಲ್ಲಿಯೂ ಅಮೆರಿಕದಲ್ಲಿಯೂ ಆ ಸಾರಕ್ಕೆ ಜನ ಮುಗಿಬಿದ್ದರು. ಮುಂದೆ ೧೯೨೦ರ ದಶಕದಲ್ಲಿ ವೊರೊನಾಫ್ ಎಂಬ ಶಸ್ತ್ರವೈದ್ಯನು ಮಂಗಗಳ ವೃಷಣದ ಚೂರುಗಳನ್ನು ಧನಿಕ ಮುದುಕರಿಗೆ ಕಸಿಮಾಡಿ ಹೆಸರನ್ನೂ ಹಣವನ್ನೂ ಗಳಿಸಿದನು. ನಗುವುದಕ್ಕೆ ಮುಂಚೆ ನಾವು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವು ಒಂದು. ಆಡಿನ ಹೋತದ ವೃಷಣಗಳನ್ನು ಹಾಲಿನಲ್ಲಿ ಬೇಯಿಸಿ ಸೇವಿಸುವ ವಿಧಾನವನ್ನು ಸುಶ್ರುತಸಂಹಿತೆಯು ಹೇಳುತ್ತದೆ. ಬಲವು ಯಾವ ಅಂಗದಲ್ಲಿರುವುದೋ ಆ ಅಂಗದಿಂದಲೇ ಔಷಧವನ್ನು ತೆಗೆಯಬೇಕೆಂಬ ಯೋಚನೆ ತಪ್ಪಲ್ಲ, ಎಡವಿದ್ದು ಮಾರ್ಗದಲ್ಲಿ. ಬಾಯಿಯಿಂದ ಹೋದ ಟೆಸ್ಟೋಸ್ಟೆರಾನ್ ಕರುಳಿನಿಂದ ನೇರವಾಗಿ ಯಕೃತ್ತಿಗೆ ಹೋಗಿ, ರಕ್ತಪ್ರವಾಹವನ್ನು ಸೇರುವ ಮುನ್ನವೇ ಬಹುಪಾಲು ನಾಶವಾಗುವುದು.

ಶುದ್ಧರೂಪದಲ್ಲಿ ಹಾರ್ಮೋನನ್ನು ಪಡೆಯಲು ಪಟ್ಟ ಶ್ರಮ ಒಂದು ಬೇರೆಯ ಕಥೆ. ೧೯೨೭ರಲ್ಲಿ ಶಿಕಾಗೋದ ಕಾಕ್ ಮತ್ತು ಮೆಕ್‌ಗೀ ಎಂಬುವರು ಸುಮಾರು ೪೦ ಪೌಂಡು ಹೋರಿಯ ವೃಷಣಗಳಿಂದ ೨೦ ಮಿಲಿಗ್ರಾಂ ಸಾರವನ್ನು ತೆಗೆದು, ಅದರಿಂದ ಬೀಜ ತೆಗೆದ ಹುಂಜದ ಜುಟ್ಟನ್ನು ಮತ್ತೆ ಬೆಳೆಸಿ ತೋರಿಸಿದರು. ೧೯೩೧ರಲ್ಲಿ ಬೂಟನಾಂಟ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನು ಪೊಲೀಸರಿಂದ ಸಂಗ್ರಹಿಸಿದ ಸಾವಿರಾರು ಲೀಟರ್ ಮೂತ್ರವನ್ನು ಬಟ್ಟಿಯಿಳಿಸಿ, ಸೋಸಿ, ಆಂಡ್ರೊಸ್ಟೆರಾನ್ ಎಂಬ ಹತ್ತಿರದ ಸಂಬಂಧಿಯನ್ನು ಕೆಲವೇ ಮಿಲಿಗ್ರಾಂಗಳಷ್ಟು ಪಡೆದನು. ೧೯೩೫ರಲ್ಲಿ ಆಮ್‌ಸ್ಟರ್‌ಡಾಮಿನ ಲಾಕ್ವೆರನ ಪ್ರಯೋಗಶಾಲೆಯು ಹೋರಿಯ ವೃಷಣದಿಂದ ಟೆಸ್ಟೋಸ್ಟೆರಾನನ್ನು ಹರಳುರೂಪದಲ್ಲಿ ಬೇರ್ಪಡಿಸಿತು. ಅದೇ ವರ್ಷ ಬೂಟನಾಂಟನೂ ರುಜಿಚ್ಕನೂ ಪ್ರತ್ಯೇಕವಾಗಿ ಅದನ್ನು ಕೊಲೆಸ್ಟೆರಾಲಿನಿಂದ ಕೃತಕವಾಗಿ ತಯಾರಿಸಿದರು. ೧೯೩೯ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಅವರಿಬ್ಬರಿಗೆ ಸಂದಿತು. ಅಲ್ಲಿಂದ ಮುಂದೆ ಕೊರತೆಯುಳ್ಳವನಿಗೆ ಕೊಡುವಷ್ಟು ಹಾರ್ಮೋನು ಜಗತ್ತಿನಲ್ಲಿ ದೊರೆಯತೊಡಗಿತು. ಕೊರತೆಯಿಲ್ಲದವನಿಗೂ ದೊರೆಯತೊಡಗಿತೆಂಬುದೇ ನಮ್ಮ ಇಂದಿನ ಪ್ರಸ್ತಾವ.

ಇನ್ನು ಶರೀರದೊಳಗಿನ ಏರ್ಪಾಡು. ಮಿದುಳಿನ ತಳದಲ್ಲಿರುವ ಹೈಪೊಥೆಲಮಸ್ ಎಂಬ ಭಾಗವು ಒಂದೆರಡು ಗಂಟೆಗೊಮ್ಮೆ ಒಂದು ಸಂಕೇತವಸ್ತುವನ್ನು ಹೊರಬಿಡುವುದು. ಅದು ಕೆಳಗಿರುವ ಪಿಟ್ಯುಟರಿ ಗ್ರಂಥಿಯನ್ನು ಮುಟ್ಟಿದಾಗ ಎಲ್.ಎಚ್. ಮತ್ತು ಎಫ್.ಎಸ್.ಎಚ್. ಎಂಬ ಎರಡು ಹಾರ್ಮೋನುಗಳು ರಕ್ತವನ್ನು ಸೇರುವುವು. ಎಲ್.ಎಚ್. ವೃಷಣದಲ್ಲಿರುವ ಲೈಡಿಗ್ ಕೋಶಗಳಿಂದ ಟೆಸ್ಟೋಸ್ಟೆರಾನನ್ನು ಮಾಡಿಸುವುದು; ಎಫ್.ಎಸ್.ಎಚ್. ವೀರ್ಯಾಣುಗಳ ಉತ್ಪತ್ತಿಗೆ ನೆರವಾಗುವುದು. ಆರೋಗ್ಯವಂತ ಗಂಡಸಿನಲ್ಲಿ ದಿನಕ್ಕೆ ತಯಾರಾಗುವ ಟೆಸ್ಟೋಸ್ಟೆರಾನ್ ಐದರಿಂದ ಏಳು ಮಿಲಿಗ್ರಾಂ ಮಾತ್ರ. ರಕ್ತದಲ್ಲಿ ಅದು ಸಾಕಷ್ಟಾದೊಡನೆ ಮಿದುಳಿಗೂ ಪಿಟ್ಯುಟರಿಗೂ ಸುದ್ದಿ ಹೋಗಿ ಅವು ತಮ್ಮ ಕೆಲಸವನ್ನು ತಗ್ಗಿಸುವುವು. ಕಬ್ಬಿಗೆ ನೀರು ಹಾಯಿಸುವವನು ಸಾಲಿನ ತುದಿಗೆ ನೀರು ಮುಟ್ಟಿತೆಂದು ತಿಳಿದೊಡನೆ ಮೇಲಿನ ಬಾಯಿಯನ್ನು ಮಣ್ಣೊತ್ತಿ ಕಟ್ಟುವನಷ್ಟೆ. ಅದೇ ರೀತಿ. ಈ ದೃಷ್ಟಾಂತವನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಮುಂದೆ ಇದೇ ನಮಗೆ ಉಪಯೋಗಕ್ಕೆ ಬರುವುದು.

ವಯಸ್ಸಾದಂತೆ ಈ ಹಾರ್ಮೋನು ಇಳಿಯುವುದು ನಿಜ. ಆದರೆ ಹೆಂಗಸರಲ್ಲಿ ಮುಟ್ಟು ನಿಲ್ಲುವಾಗ ಆಗುವಂತೆ ಅದು ಥಟ್ಟನೆ ನಿಲ್ಲುವುದಿಲ್ಲ. ಯುರೋಪಿನ ಎಂಟು ಕೇಂದ್ರಗಳಲ್ಲಿ ೪೦ರಿಂದ ೭೯ ವಯಸ್ಸಿನ ಮೂರು ಸಾವಿರಕ್ಕೂ ಮಿಕ್ಕಿದ ಗಂಡಸರನ್ನು ಪರೀಕ್ಷಿಸಿದ ಅಧ್ಯಯನವೊಂದರಲ್ಲಿ, ಒಟ್ಟು ಟೆಸ್ಟೋಸ್ಟೆರಾನ್ ವರ್ಷಕ್ಕೆ ನೂರಕ್ಕೆ ೦.೪ರಷ್ಟು ಮಾತ್ರ ಇಳಿಯುವುದೆಂದು ಕಂಡಿತು. ೨೦೧೦ರಲ್ಲಿ ಅದೇ ಅಧ್ಯಯನದವರು ಇನ್ನೊಂದು ಮುಖ್ಯ ಸಂಗತಿಯನ್ನು ಪ್ರಕಟಿಸಿದರು. ಹಾರ್ಮೋನು ನಿಜವಾಗಿ ಕಡಿಮೆಯಿದ್ದು, ಅದರೊಡನೆ ಲೈಂಗಿಕ ಸಾಮರ್ಥ್ಯಕ್ಕೆ ಸಂಬಂಧಿಸಿದ ಮೂರು ಲಕ್ಷಣಗಳೂ ಕೂಡಿದವರು ನೂರಕ್ಕೆ ಇಬ್ಬರು ಮಾತ್ರ. ಆಯಾಸ, ಬೇಸರ, ಏಕಾಗ್ರತೆಯ ಕೊರತೆ ಇವುಗಳು ಹಾರ್ಮೋನಿನ ಮಟ್ಟದೊಡನೆ ಅಷ್ಟು ಬಿಗಿಯಾಗಿ ಹೊಂದಿಕೊಳ್ಳಲಿಲ್ಲ. ಎಂದರೆ ಆಯಾಸವೊಂದನ್ನೇ ಹಿಡಿದು 'ಹಾರ್ಮೋನು ಕಡಿಮೆಯಾಗಿದೆ' ಎನ್ನುವುದು, ಕೆಮ್ಮೊಂದನ್ನೇ ಕೇಳಿ ಕ್ಷಯವೆಂದು ಹೇಳಿದಂತೆ.

ಇಲ್ಲಿ ಮತ್ತೆ ಎತ್ತಿನ ಕಡೆ ತಿರುಗೋಣ. ಕಾರ್ಖಾನೆಯ ಹಂಗಾಮಿನಲ್ಲಿ ಕಬ್ಬು ತುಂಬಿದ ಗಾಡಿಯನ್ನು ನಸುಕಿನಿಂದ ಎಳೆಯುವುದು ಎತ್ತೇ ಹೊರತು ಹೋರಿಯಲ್ಲ. ವೃಷಣಗಳಿಲ್ಲದ, ಟೆಸ್ಟೋಸ್ಟೆರಾನ್ ಇಲ್ಲವೆನ್ನುವಷ್ಟು ಕಡಿಮೆಯಿರುವ ಈ ಪ್ರಾಣಿ ದುಡಿಮೆಯ ತ್ರಾಣಕ್ಕೆ ಹೆಸರಾದುದು. ಪ್ರಾಣಿಯಿಂದ ಮನುಷ್ಯನಿಗೆ ನೇರವಾಗಿ ಹಾರುವುದು ಸರಿಯಲ್ಲವೆಂದು ನಾವು ಬಲ್ಲೆವು. ಮನುಷ್ಯನಲ್ಲಿ ಈ ಹಾರ್ಮೋನು ಪೂರ್ತಿ ಇಲ್ಲವಾದರೆ ಸ್ನಾಯು ಕರಗುವುದು, ಮೂಳೆ ಸಡಿಲಾಗುವುದು, ರಕ್ತ ಕಡಿಮೆಯಾಗುವುದು, ದಣಿವೂ ಬರುವುದು. ಆದರೂ ಪುರುಷ ಹಾರ್ಮೋನೇ ಕಸುವಿನ ಮೂಲವೆಂದು ಸಾರುವವರು ಒಮ್ಮೆ ತಮ್ಮ ಕೊಟ್ಟಿಗೆಯತ್ತ ನೋಡುವುದು ಒಳ್ಳೆಯದು.

ಈ ಅನುಮಾನವನ್ನು ಮನುಷ್ಯರಲ್ಲಿಯೇ ಪರೀಕ್ಷಿಸಿದ ದೊಡ್ಡ ಪ್ರಯೋಗಗಳು ಈಗ ನಮ್ಮ ಮುಂದಿವೆ. ಅಮೆರಿಕದಲ್ಲಿ ೬೫ ದಾಟಿದ, ಹಾರ್ಮೋನು ನಿಜವಾಗಿ ಕಡಿಮೆಯಿದ್ದ ೭೯೦ ಗಂಡಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಟೆಸ್ಟೋಸ್ಟೆರಾನ್ ಲೇಪವನ್ನೂ ಇನ್ನೊಂದಕ್ಕೆ ಔಷಧವಿಲ್ಲದ ಅದೇ ಬಗೆಯ ಲೇಪವನ್ನೂ ಒಂದು ವರ್ಷ ಕೊಟ್ಟರು. ೨೦೧೬ರಲ್ಲಿ ಫಲಿತಾಂಶ ಹೊರಬಂದಿತು. ಲೈಂಗಿಕ ಆಸಕ್ತಿ ಮತ್ತು ಸಾಮರ್ಥ್ಯ ಸ್ವಲ್ಪ ಹೆಚ್ಚಿದುವು. ಮನಸ್ಸು ಕಿಂಚಿತ್ ಹಗುರಾಯಿತು. ಆದರೆ ಆಯಾಸದ ಅಳತೆಗೋಲಿನಲ್ಲಿ, ಪ್ರಯೋಗವು ಮೊದಲೇ ಗೊತ್ತುಮಾಡಿಕೊಂಡಿದ್ದ ಮಟ್ಟಿಗೆ, ಎರಡು ಗುಂಪುಗಳಿಗೂ ಗಣನೀಯ ಭೇದ ಕಾಣಲಿಲ್ಲ. ಮುಂದಿನ ವರ್ಷದ ವರದಿಗಳಲ್ಲಿ ಅದೇ ಗಂಡಸರ ರಕ್ತಹೀನತೆ ತಗ್ಗಿದುದೂ ಮೂಳೆಯ ಸಾಂದ್ರತೆ ಹೆಚ್ಚಿದುದೂ ಕಂಡುಬಂದಿತು. ಹೃದಯದ ರಕ್ತನಾಳಗಳಲ್ಲಿ ಮೇದಸ್ಸಿನ ಪದರ ದಪ್ಪವಾದುದೂ ಕಂಡುಬಂದಿತು. ಹೃದಯಕ್ಕೆ ಅಪಾಯವುಂಟೇ ಎಂಬ ಪ್ರಶ್ನೆಗೆ ಉತ್ತರವಾಗಿ ೨೦೨೩ರಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಇನ್ನೊಂದು ಪ್ರಯೋಗ ಪ್ರಕಟವಾಯಿತು. ಹೃದಯಾಘಾತ, ಪಾರ್ಶ್ವವಾಯು, ಹೃದಯಸಂಬಂಧದ ಮರಣ ಇವು ಎರಡು ಗುಂಪುಗಳಲ್ಲಿಯೂ ಹೆಚ್ಚುಕಡಿಮೆ ಸಮ, ನೂರಕ್ಕೆ ಏಳು. ಆದರೆ ಹೃದಯದ ಲಯ ತಪ್ಪುವುದು, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು, ಮೂತ್ರಪಿಂಡಕ್ಕೆ ಧಕ್ಕೆಯಾಗುವುದು, ಇವು ಔಷಧ ಪಡೆದವರಲ್ಲಿ ಹೆಚ್ಚು. ಮರುವರ್ಷ ಅದೇ ಪ್ರಯೋಗದಿಂದ, ಮೂಳೆ ಮುರಿತವೂ ಅವರಲ್ಲಿಯೇ ಹೆಚ್ಚೆಂದು ತಿಳಿಯಿತು: ಒಂದು ಕಡೆ ನೂರಕ್ಕೆ ೩.೫, ಇನ್ನೊಂದು ಕಡೆ ಸುಮಾರು ೨.೫. ಸಾಂದ್ರತೆ ಹೆಚ್ಚಿಸಿದ ಔಷಧವು ಮುರಿತವನ್ನು ತಗ್ಗಿಸದೆ ಹೋದುದು ಯಾರೂ ನಿರೀಕ್ಷಿಸಿರದ ಸಂಗತಿ. ಇದಕ್ಕೂ ಮುಂಚೆಯೇ, ೨೦೧೫ರಲ್ಲಿ, ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು, ವೃಷಣ, ಪಿಟ್ಯುಟರಿ ಅಥವಾ ಮಿದುಳಿನ ರೋಗದಿಂದ ಉಂಟಾದ ಕೊರತೆಗೆ ಮಾತ್ರ ಈ ಔಷಧಗಳು ಅಂಗೀಕೃತವೆಂದೂ, ಬರಿಯ ವಯಸ್ಸಿನಿಂದಾದ ಇಳಿತಕ್ಕೆ ಅವುಗಳ ಪ್ರಯೋಜನವೂ ನಿರಪಾಯತೆಯೂ ಸ್ಥಾಪಿತವಾಗಿಲ್ಲವೆಂದೂ ಎಚ್ಚರಿಸಿತ್ತು.

ಹಾಗಾದರೆ ನಮ್ಮ ಈ ಐದು ತಾಲ್ಲೂಕುಗಳ ನಡುವಯಸ್ಸಿನವನ ಕಸುವು ಎಲ್ಲಿ ಸೋರಿಹೋಗುತ್ತಿದೆ? ಒಂದು ಸೋರಿಕೆ ನಿದ್ರೆಯಲ್ಲಿದೆ. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ದಡದಲ್ಲಿ ಕಬ್ಬು ಬೆಳೆಯುವವನಿಗೆ ಪಂಪ್‌ಸೆಟ್ಟಿನ ತ್ರೀಫೇಸ್ ವಿದ್ಯುತ್ತು ಎಷ್ಟೋ ದಿನ ಬರುವುದು ರಾತ್ರಿಯ ಪಾಳಿಯಲ್ಲಿ. ಬ್ಯಾಟರಿ ಹಿಡಿದು ಸಾಲು ತಿರುವುತ್ತ ಬೆಳಗು ಮಾಡಿದವನು ಹಗಲು ಹಾಲು ಹಾಕುವುದಕ್ಕೂ ಸೊಸೈಟಿಗೂ ಓಡಬೇಕು. ಉಗಾರದಂತಹ ಸಕ್ಕರೆ ಕಾರ್ಖಾನೆಗಳಲ್ಲಿ ಹಂಗಾಮಿನ ತಿಂಗಳುಗಳಲ್ಲಿ ಪಾಳಿಗಳು ಇಪ್ಪತ್ತನಾಲ್ಕು ತಾಸೂ ನಡೆಯುವುವು. ಟೆಸ್ಟೋಸ್ಟೆರಾನಿನ ಬಹುಭಾಗ ನಿದ್ರೆಯಲ್ಲಿ ಏರುವಂಥದು. ೨೦೧೧ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಲ್ಲಿ, ಹತ್ತು ಮಂದಿ ಆರೋಗ್ಯವಂತ ತರುಣರನ್ನು ಒಂದು ವಾರ ರಾತ್ರಿ ಐದು ತಾಸಷ್ಟೇ ಮಲಗಲು ಬಿಟ್ಟಾಗ, ಅವರ ಹಗಲಿನ ಟೆಸ್ಟೋಸ್ಟೆರಾನ್ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಇಳಿಯಿತು. ವಯಸ್ಸು ಹತ್ತು ವರ್ಷ ಸವೆದು ಮಾಡುವುದಕ್ಕಿಂತ ಹೆಚ್ಚನ್ನು ನಿದ್ದೆಗೆಟ್ಟ ಏಳು ರಾತ್ರಿಗಳು ಮಾಡಿದುವು! ಇನ್ನು ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ಕಟ್ಟುವ ರೋಗವಿದ್ದವನಿಗೆ ಎಂಟು ತಾಸು ಮಲಗಿದರೂ ದಣಿವು ಹೋಗದು. ಅಂಥವನಿಗೆ ಟೆಸ್ಟೋಸ್ಟೆರಾನ್ ಕೊಟ್ಟರೆ ಆ ಉಸಿರುಗಟ್ಟುವಿಕೆ ಇನ್ನೂ ಹೆಚ್ಚಬಹುದು.

ಮತ್ತೊಂದು ಸೋರಿಕೆ ಸಕ್ಕರೆಯ ರೋಗ. ಬೊಜ್ಜು ಮತ್ತು ಮಧುಮೇಹಗಳಿಗೂ ಈ ಹಾರ್ಮೋನಿಗೂ ಎರಡು ಕಡೆಯ ನಂಟು. ೨೦೦೪ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಎರಡನೆಯ ಬಗೆಯ ಮಧುಮೇಹವುಳ್ಳ ಗಂಡಸರಲ್ಲಿ ಮೂರರಲ್ಲೊಬ್ಬನಿಗೆ ಟೆಸ್ಟೋಸ್ಟೆರಾನ್ ಕಡಿಮೆಯಿತ್ತು. ಹೊಟ್ಟೆಯ ಕೊಬ್ಬು ಆ ಹಾರ್ಮೋನನ್ನು ಸ್ತ್ರೀಹಾರ್ಮೋನಾಗಿ ಪರಿವರ್ತಿಸುವುದು. ಮಿದುಳಿನ ಸಂಕೇತವನ್ನೂ ಕುಗ್ಗಿಸುವುದು. ತೂಕ ಇಳಿದರೆ ಹಾರ್ಮೋನು ತಾನಾಗಿ ಏರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆಸ್ಟ್ರೇಲಿಯದಲ್ಲಿ ಸಾವಿರ ಮಂದಿ ಸ್ಥೂಲಕಾಯದ ಗಂಡಸರ ಮೇಲೆ ನಡೆದು ೨೦೨೧ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಪಥ್ಯ ಮತ್ತು ವ್ಯಾಯಾಮಗಳೊಡನೆ ಎರಡು ವರ್ಷ ಟೆಸ್ಟೋಸ್ಟೆರಾನ್ ಸೂಜಿ ಪಡೆದವರಲ್ಲಿ ಮಧುಮೇಹವಿದ್ದವರು ನೂರಕ್ಕೆ ೧೨, ಪಡೆಯದವರಲ್ಲಿ ೨೧. ಇದು ಔಷಧದ ಪರವಾದ ಸಾಕ್ಷ್ಯ, ಮುಚ್ಚಿಡತಕ್ಕುದಲ್ಲ. ಆದರೆ ಅದೇ ಪ್ರಯೋಗದಲ್ಲಿ ಸೂಜಿ ಪಡೆದ ಐವರಲ್ಲೊಬ್ಬನ ರಕ್ತ ಅಪಾಯದ ಮಟ್ಟಕ್ಕೆ ಮಂದವಾಯಿತೆಂಬುದನ್ನೂ ಮುಚ್ಚಿಡಬಾರದು.

ನಿಪ್ಪಾಣಿಯ ಹೆಸರೆತ್ತಿದ ಮೇಲೆ ತಂಬಾಕಿನ ಮಾತು ಬಾರದಿರದು. ಧೂಮಪಾನಿಗಳ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಸೇದದವರಿಗಿಂತ ಕೊಂಚ ಹೆಚ್ಚೇ ಇರುವುದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕ ಹೇಳುತ್ತದೆ. ಬೀಡಿ ಸೇದುವವರು ಇದನ್ನೋದಿ ಹಿಗ್ಗಬೇಕಾದುದಿಲ್ಲ. ತಂಬಾಕು ಕೆಡಿಸುವುದು ರಕ್ತನಾಳಗಳನ್ನು, ಮತ್ತು ನಡುವಯಸ್ಸಿನ ಪುರುಷ ದೌರ್ಬಲ್ಯವು ಅನೇಕ ಸಲ ಹಾರ್ಮೋನಿನ ರೋಗವಲ್ಲ, ರಕ್ತನಾಳದ ರೋಗ. ಹೃದಯದ ನಾಳಗಳಿಗಿಂತ ಸಣ್ಣವಾದ ನಾಳಗಳು ಮೊದಲು ಕಟ್ಟುವುದರಿಂದ, ಇಂದು ಹಾಸಿಗೆಯಲ್ಲಿ ಸೋತವನು ಕೆಲವು ವರ್ಷಗಳ ಮೇಲೆ ಎದೆನೋವಿನಿಂದ ಮಿರಜಿಗೋ ಬೆಳಗಾವಿಗೋ ಸಾಗಿಸಲ್ಪಡುವುದುಂಟು. ಅವನಿಗೆ ಬೇಕಾದುದು ರಕ್ತದೊತ್ತಡ, ಸಕ್ಕರೆ, ಕೊಬ್ಬುಗಳ ಪರೀಕ್ಷೆ. ಇವಲ್ಲದೆ ಥೈರಾಯ್ಡಿನ ಕೊರತೆ, ರಕ್ತಹೀನತೆ, ಕ್ಷಯ, ಮದ್ಯ, ಸಾಲದ ಚಿಂತೆಯಿಂದ ಹುಟ್ಟಿದ ಖಿನ್ನತೆ ಎಲ್ಲವೂ 'ಕಸುವಿಲ್ಲ' ಎಂಬ ಒಂದೇ ಬಾಗಿಲಿನಿಂದ ಒಳಬರುವುವು. ಕೃಷ್ಣೆಯ ದಂಡೆಯ ಸವಳು-ಜವಳು ಹೊಲಗಳಲ್ಲಿ ಕಬ್ಬು ಹಳದಿಯಾದಾಗ, ನೀರು ಸಾಲದೆಂದು ಇನ್ನಷ್ಟು ಹಾಯಿಸಿ ಭೂಮಿಯನ್ನೇ ಕಳೆದುಕೊಂಡವರನ್ನು ಈ ಸೀಮೆ ಕಂಡಿದೆ. ಅಲ್ಲಿ ಬೇಕಾಗಿದ್ದುದು ನೀರಲ್ಲ, ಬಸಿಗಾಲುವೆ.

ಇಷ್ಟು ಹೇಳಿದ ಮಾತ್ರಕ್ಕೆ ಈ ಚಿಕಿತ್ಸೆಯೇ ಬೇಡವೆಂದು ಯಾರೂ ತಿಳಿಯಬಾರದು. ನಿಜವಾದ ಕೊರತೆಯುಳ್ಳವರು ನಮ್ಮ ನಡುವೆ ಇದ್ದಾರೆ. ನಾಚಿಕೆಯಿಂದ ಬಾಯಿಮುಚ್ಚಿಕೊಂಡಿರುವವರೇ ಅವರಲ್ಲಿ ಹೆಚ್ಚು. ಸುಮಾರು ಆರುನೂರು ಗಂಡುಗಳಲ್ಲೊಬ್ಬನು ಎರಡು ಎಕ್ಸ್ ಮತ್ತು ಒಂದು ವೈ ವರ್ಣತಂತುಗಳೊಡನೆ ಹುಟ್ಟುವನು. ೧೯೪೨ರಲ್ಲಿ ವರ್ಣಿತವಾದ ಈ ಸ್ಥಿತಿಗೆ ಕ್ಲೈನ್‌ಫೆಲ್ಟರ್ ಲಕ್ಷಣಕೂಟವೆಂದು ಹೆಸರು. ಅವನ ವೃಷಣಗಳು ಚಿಕ್ಕವು ಮತ್ತು ಗಟ್ಟಿ, ಮೀಸೆ ವಿರಳ, ಮಕ್ಕಳಾಗುವುದು ಅಪರೂಪ. ಮಕ್ಕಳಾಗದ ದೋಷವನ್ನು ಹೆಂಡತಿಯ ಮೇಲೆ ಹೊರಿಸಿ ಎರಡನೆಯ ಮದುವೆ ಮಾಡಿದ ಮನೆಗಳಲ್ಲಿ ಇಂಥವನೊಬ್ಬನು ಇದ್ದಿರಬಹುದೆಂದು ನೆನೆದಾಗ ಮನಸ್ಸು ನೋಯುತ್ತದೆ. ಪ್ರಾಯಕ್ಕೆ ಬಂದ ಮೇಲೆ ಮಂಗನಬಾವು ಬಂದು ವೃಷಣ ಊದಿಕೊಂಡವರು, ಪಿಟ್ಯುಟರಿಯಲ್ಲಿ ಗಡ್ಡೆಯಿದ್ದವರು, ವೃಷಣಕ್ಕೆ ಪೆಟ್ಟೋ ಶಸ್ತ್ರಚಿಕಿತ್ಸೆಯೋ ಆದವರು ಈ ಸಾಲಿಗೆ ಸೇರುವರು. ಇವರಿಗೆ ಟೆಸ್ಟೋಸ್ಟೆರಾನ್ ಚಿಕಿತ್ಸೆಯು ಮಧುಮೇಹಿಗೆ ಇನ್ಸುಲಿನ್ ಇದ್ದಂತೆ. ತಪ್ಪಿಸಿದರೆ ನಡುವಯಸ್ಸಿನಲ್ಲಿಯೇ ಮೂಳೆಗಳು ಪುಡಿಯಾಗುವುವು. ಕ್ಷೌರದ ಅಂತರ ಹೆಚ್ಚಾಗಿರುವುದು, ಮೈಕೂದಲು ಉದುರಿರುವುದು, ಎದೆಯಲ್ಲಿ ಗಂಟು ಕಾಣಿಸಿರುವುದು, ಬೆಳಗಿನ ಉದ್ರೇಕ ನಿಂತುಹೋಗಿರುವುದು ಇವು ಆಯಾಸಕ್ಕಿಂತ ಎಷ್ಟೋ ಪಾಲು ನಂಬತಕ್ಕ ಸೂಚನೆಗಳು. ವೃಷಣದ ಗಾತ್ರವನ್ನು ಅಳೆಯಲು ದಾರದಲ್ಲಿ ಪೋಣಿಸಿದ, ಒಂದರಿಂದ ಇಪ್ಪತ್ತೈದು ಮಿಲಿಲೀಟರಿನವರೆಗಿನ ಮಣಿಗಳ ಸರವೊಂದು ವೈದ್ಯರಲ್ಲಿ ಇರುತ್ತದೆ. ಕೈಯಿಂದ ಮುಟ್ಟಿ ನೋಡುವ ಈ ಪರೀಕ್ಷೆಯನ್ನು ಮಾಡದೆ ಸೂಜಿ ಬರೆದುಕೊಡುವ ವೈದ್ಯನ ತೀರ್ಮಾನವನ್ನು ರೋಗಿಯು ಸಂಶಯದಿಂದ ನೋಡುವುದರಲ್ಲಿ ತಪ್ಪಿಲ್ಲ.

ರಕ್ತಪರೀಕ್ಷೆಯ ಕ್ರಮವೂ ಮುಖ್ಯ. ಬೆಳಗಿನ ಏಳರಿಂದ ಹತ್ತರೊಳಗೆ, ಬರಿಯ ಹೊಟ್ಟೆಯಲ್ಲಿ, ರಕ್ತ ಕೊಡಬೇಕು. ಊಟವಾದ ಮೇಲೂ ಸಂಜೆಯೂ ಮಟ್ಟ ಇಳಿದಿರುವುದು ಸಹಜ. ಒಮ್ಮೆ ಕಡಿಮೆ ಬಂದರೆ ಬೇರೆ ದಿನ ಇನ್ನೊಮ್ಮೆ ನೋಡಬೇಕು. ಜ್ವರ ಅಥವಾ ಬೇರೆ ಕಾಯಿಲೆಯಿಂದ ಏಳುತ್ತಿರುವವನನ್ನು ಪರೀಕ್ಷಿಸುವುದು ವ್ಯರ್ಥ. ರಾತ್ರಿಪಾಳಿಯವನಿಗೆ 'ಬೆಳಗು' ಎಂದರೆ ಅವನು ನಿದ್ರಿಸಿ ಎದ್ದ ಹೊತ್ತು. ಕಾರ್ಖಾನೆಯಿಂದ ನೇರವಾಗಿ ಲ್ಯಾಬಿಗೆ ಬಂದವನ ಅಂಕೆಯನ್ನು ನೆಚ್ಚಬಾರದು. ಎರಡು ಬಾರಿಯೂ ಕಡಿಮೆಯೇ ಇದ್ದರೆ ಎಲ್.ಎಚ್., ಎಫ್.ಎಸ್.ಎಚ್.ಗಳನ್ನು ಅಳೆಯುವರು. ಅವು ಏರಿದ್ದರೆ ಮೇಲಿನವನು ಕೂಗುತ್ತಿದ್ದರೂ ಕೆಳಗಿನ ವೃಷಣ ಓಗೊಡುತ್ತಿಲ್ಲವೆಂದರ್ಥ. ಅವೂ ಇಳಿದಿದ್ದರೆ ದೋಷವು ಮಿದುಳು-ಪಿಟ್ಯುಟರಿಗಳಲ್ಲಿ, ಅಥವಾ ಬೊಜ್ಜು, ನಿದ್ರಾಹೀನತೆ, ಅಫೀಮಿನ ಜಾತಿಯ ನೋವುನಿವಾರಕಗಳಲ್ಲಿ ಇದೆ.

ಔಷಧವನ್ನು ಎಣ್ಣೆಯಲ್ಲಿ ಕರಗಿಸಿ ಸ್ನಾಯುವಿಗೆ ಕೊಡುವುದು ಹಳೆಯ ಪದ್ಧತಿ. ಎರಡು ಮೂರು ವಾರಕ್ಕೊಮ್ಮೆ ಕೊಡುವ ಸೂಜಿಗಳುಂಟು, ಹತ್ತರಿಂದ ಹದಿನಾಲ್ಕು ವಾರಕ್ಕೊಮ್ಮೆ ಕೊಡುವ ಅಂಡೆಕನೋಯೇಟ್ ಸೂಜಿಯುಂಟು, ದಿನವೂ ಚರ್ಮಕ್ಕೆ ಹಚ್ಚುವ ಲೇಪವುಂಟು. ಲೇಪ ಹಚ್ಚಿದ ಮೈಯಿಂದ ಎಳೆಯ ಮಕ್ಕಳನ್ನು ಎತ್ತಿಕೊಳ್ಳಬಾರದು. ಅದು ಅವರ ಚರ್ಮಕ್ಕೂ ಅಂಟುವುದು. ಮೊದಲ ವರ್ಷದಲ್ಲಿ ಮೂರು-ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ರಕ್ತಕಣಗಳ ಪ್ರಮಾಣವನ್ನು ನೋಡಲೇಬೇಕು. ಅದು ನೂರಕ್ಕೆ ೫೪ನ್ನು ಮೀರಿದರೆ ಔಷಧವನ್ನು ನಿಲ್ಲಿಸತಕ್ಕುದು. ಪ್ರಾಸ್ಟೇಟ್ ಗ್ರಂಥಿಯ ಮೇಲೆಯೂ ಕಣ್ಣಿಟ್ಟಿರಬೇಕು. ಆ ಗ್ರಂಥಿಯ ಅರ್ಬುದವು ಈ ಹಾರ್ಮೋನನ್ನು ಅವಲಂಬಿಸಿ ಬೆಳೆಯುವುದೆಂದು ೧೯೪೧ರಲ್ಲಿ ಹಗಿನ್ಸ್ ತೋರಿಸಿಕೊಟ್ಟನು.

ಎಲ್ಲಕ್ಕಿಂತ ಹೆಚ್ಚಾಗಿ ಜನ ತಿಳಿಯದೆ ಇರುವ ಸಂಗತಿಯೊಂದಿದೆ. ನೀರು ಹಾಯಿಸುವವನ ದೃಷ್ಟಾಂತವನ್ನು ಈಗ ನೆನೆಯಬೇಕು. ಸಾಲಿನ ತುದಿಗೆ ಯಾರೋ ಹೊರಗಿನವರು ಕೊಡದಿಂದ ನೀರು ಸುರಿದರೆ, ಮೇಲಿನವನು ನೀರು ಮುಟ್ಟಿತೆಂದು ಬಗೆದು ಬಾಯಿ ಕಟ್ಟಿಬಿಡುವನು. ನಡುವಿನ ಸಾಲೆಲ್ಲ ಒಣಗುವುದು. ಹೊರಗಿನ ಟೆಸ್ಟೋಸ್ಟೆರಾನ್ ಬಂದಾಗ ಪಿಟ್ಯುಟರಿಯು ಎಲ್.ಎಚ್., ಎಫ್.ಎಸ್.ಎಚ್.ಗಳನ್ನು ನಿಲ್ಲಿಸುವುದು. ವೃಷಣದೊಳಗೆ ಇರಬೇಕಾದ ಹಾರ್ಮೋನು ರಕ್ತದಲ್ಲಿರುವುದಕ್ಕಿಂತ ಹಲವು ಹತ್ತು ಪಟ್ಟು ಹೆಚ್ಚಿನದು. ಸೂಜಿಯು ಅದನ್ನು ತುಂಬಲಾರದು. ಆಗ ವೀರ್ಯಾಣುಗಳ ಉತ್ಪತ್ತಿ ಕುಸಿಯುವುದು, ವೃಷಣಗಳು ಸಣ್ಣಗಾಗುವುವು. ಇದು ಎಷ್ಟು ನಿಶ್ಚಿತವೆಂದರೆ, ವಿಶ್ವ ಆರೋಗ್ಯ ಸಂಸ್ಥೆಯು ವಾರಕ್ಕೆ ೨೦೦ ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಸೂಜಿಯನ್ನು ಗಂಡಸರ ಸಂತಾನನಿಯಂತ್ರಣಕ್ಕೆ ಉಪಾಯವಾಗಿಯೇ ಪ್ರಯೋಗಿಸಿ ೧೯೯೦ರಲ್ಲಿ ವರದಿ ಮಾಡಿತು. ಮಕ್ಕಳಾಗಲೆಂದು 'ಶಕ್ತಿಯ ಸೂಜಿ' ಮಾಡಿಸಿಕೊಂಡವನು ತನಗರಿವಿಲ್ಲದೆ ಸಂತತಿನಿರೋಧವನ್ನು ಮಾಡಿಕೊಂಡಂತಾಯಿತು! ನಿಲ್ಲಿಸಿದ ಮೇಲೆ ಬಹುಮಂದಿಗೆ ಆರು ತಿಂಗಳಿಂದ ಒಂದು ವರ್ಷದೊಳಗೆ, ಕೆಲವರಿಗೆ ಎರಡು ವರ್ಷಕ್ಕೆ, ಉತ್ಪತ್ತಿ ಮರಳುವುದು. ಆದರೆ ಆ ಲೆಕ್ಕ ಮೊದಲೇ ಸರಿಯಿದ್ದವರದು. ಮಕ್ಕಳು ಬೇಕೆನ್ನುವವರಿಗೆ ಬೇರೆ ಔಷಧಗಳುಂಟು, ಟೆಸ್ಟೋಸ್ಟೆರಾನ್ ಅಲ್ಲ.

ತಾಲೀಮಿನ ಮಣ್ಣು ಬಿಟ್ಟು ಜಿಮ್ಮಿಗೆ ಹೋಗುವ ತರುಣರಿಗೂ ಈ ಮಾತು ಸಲ್ಲುವುದು. ಅವರು ಮೈಕಟ್ಟಿಗಾಗಿ ತೆಗೆದುಕೊಳ್ಳುವ ಪ್ರಮಾಣ ಚಿಕಿತ್ಸೆಯದಕ್ಕಿಂತ ಹಲವು ಪಟ್ಟು. ಬಿಟ್ಟ ಮೇಲೆ ತಿಂಗಳುಗಟ್ಟಲೆ ಸ್ವಂತ ಹಾರ್ಮೋನು ಏಳದೆ, ನಿಜವಾದ ಕೊರತೆಯ ಎಲ್ಲ ಲಕ್ಷಣಗಳೂ ಮೂವತ್ತರೊಳಗೇ ಬಂದು, ಮತ್ತೆ ಅದೇ ಸೂಜಿಗೆ ಮರಳುವ ವಿಷಚಕ್ರವುಂಟಾಗುವುದು. ಕುಸ್ತಿಯ ಹೆಸರಾಂತ ಈ ಸೀಮೆಯಲ್ಲಿ ಹಾಲು, ಬಾದಾಮಿ, ಬೈಠಕುಗಳಿಂದ ಪೈಲ್ವಾನರಾದವರ ಮೊಮ್ಮಕ್ಕಳು ಹೀಗಾಗುವುದು ಖೇದಕರ.

ಗೋಡೆಗಳ ಮೇಲೆ, ಬಸ್‌ಸ್ಟ್ಯಾಂಡಿನ ಬಳಿಯ ಗುಡಾರಗಳಲ್ಲಿ 'ಗುಪ್ತರೋಗ'ಗಳಿಗೆ ಖಾತ್ರಿ ಔಷಧವೆಂದು ಸಾರುವವರ ಕುರಿತು ಎರಡು ಮಾತು ಸಾಕು. ೧೯೫೪ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯು ಲೈಂಗಿಕ ಶಕ್ತಿಯನ್ನು ಹೆಚ್ಚಿಸುವೆವೆಂಬ ಜಾಹೀರಾತನ್ನೇ ನಿಷೇಧಿಸಿದೆ. ಅವರ ಬಳಿಗೆ ಹೋಗುವ ತರುಣರಲ್ಲಿ ಅನೇಕರಿಗೆ ಇರುವುದು ಹಾರ್ಮೋನಿನ ಕೊರತೆಯಲ್ಲ, ಧಾತು ಹೋಗುತ್ತಿದೆಯೆಂಬ ಭಯ. ಎನ್. ಎನ್. ವಿಗ್ ಎಂಬ ಮನೋವೈದ್ಯರು ೧೯೬೦ರಲ್ಲಿ ಈ ಭಯಕ್ಕೆ 'ಧಾತ್ ಲಕ್ಷಣಕೂಟ'ವೆಂದು ಹೆಸರಿಟ್ಟರು. ಅದಕ್ಕೆ ಮದ್ದು ತಿಳಿವಳಿಕೆಯ ಮಾತು. ಅದನ್ನು ಆಡಬಲ್ಲವರಲ್ಲಿ ಕಾಲೇಜಿನ ಜೀವಶಾಸ್ತ್ರದ ಅಧ್ಯಾಪಕರು ಮೊದಲಿಗರು. ಸಂತಾನೋತ್ಪತ್ತಿಯ ಪಾಠವನ್ನು 'ಮನೆಯಲ್ಲಿ ಓದಿಕೊಳ್ಳಿ' ಎಂದು ದಾಟಿಸುವ ರೂಢಿಯನ್ನು ನಾವು ಕಂಡಿದ್ದೇವೆ. ನಮ್ಮಲ್ಲಿ ಕೆಲವರು ಅದನ್ನು ಮಾಡಿದವರೂ ಹೌದು.

ಕಡೆಯದಾಗಿ ವರದಿ ಓದುವವರಿಗೆ ಒಂದು ವ್ಯಾವಹಾರಿಕ ಸೂಚನೆ. ಈ ಭಾಗದ ರೋಗಿಗಳು ಒಮ್ಮೆ ಮಿರಜ-ಸಾಂಗಲಿಗಳಲ್ಲಿ, ಒಮ್ಮೆ ಕೊಲ್ಹಾಪುರದಲ್ಲಿ, ಮತ್ತೊಮ್ಮೆ ಬೆಳಗಾವಿಯಲ್ಲಿ ಪರೀಕ್ಷೆ ಮಾಡಿಸಿ ಕಾಗದಗಳನ್ನು ಒಂದೇ ಚೀಲದಲ್ಲಿ ತರುವುದುಂಟು. ಕೆಲವು ಪ್ರಯೋಗಶಾಲೆಗಳು ಟೆಸ್ಟೋಸ್ಟೆರಾನನ್ನು ಡೆಸಿಲೀಟರಿಗೆ ಇಷ್ಟು ನ್ಯಾನೊಗ್ರಾಂ ಎಂದೂ, ಕೆಲವು ಮಿಲಿಲೀಟರಿಗೆ ಇಷ್ಟು ನ್ಯಾನೊಗ್ರಾಂ ಎಂದೂ, ಕೆಲವು ಲೀಟರಿಗೆ ಇಷ್ಟು ನ್ಯಾನೊಮೋಲ್ ಎಂದೂ ಬರೆಯುವುವು. ಮೊದಲನೆಯದರಲ್ಲಿ ೩೫೦ ಎಂದಿರುವುದು ಎರಡನೆಯದರಲ್ಲಿ ೩.೫, ಮೂರನೆಯದರಲ್ಲಿ ಸುಮಾರು ೧೨. ಮೂರೂ ಒಂದೇ. ಸ್ಥೂಲವಲ್ಲದ ತರುಣರಲ್ಲಿ ಸಾಮಾನ್ಯದ ಕೆಳಮೇರೆ ಡೆಸಿಲೀಟರಿಗೆ ಸುಮಾರು ೨೬೪ ನ್ಯಾನೊಗ್ರಾಂ ಎಂದು ಈಚಿನ ಗಣನೆ. ಕೆಲವು ವೈದ್ಯಸಂಘಗಳು ೩೦೦ ಎನ್ನುವುವು. ೩೫೦ ಇದ್ದುದು ಮರುಸಲ ೧೨ಕ್ಕೆ ಇಳಿಯಿತೆಂದು ಗಾಬರಿಗೊಳ್ಳುವ ಮೊದಲು ಅಂಕೆಯ ಪಕ್ಕದಲ್ಲಿರುವ ಸಣ್ಣಕ್ಷರವನ್ನು ಓದಬೇಕು.